ಹಸಿರು ರವಿಕೆ ಕಣ ಹಿಡಿದ ದಾರಿ

ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣವನ್ನು ಹೊಲಿಸಿಕೊಂಡ ಹೆಂಗಸನ್ನು ನಮ್ಮ ಚಳ್ಳಕೆರೆಯಲ್ಲಿ ನಾನಂತೂ ಕಂಡಿಲ್ಲ. ಬಂದದ್ದು ಬೀರು ಸೇರುತ್ತದೆ, ಮುಂದಿನ ಶುಕ್ರವಾರ ಇನ್ನೊಬ್ಬ ಮುತ್ತೈದೆಯ ಮಡಿಲಿಗೆ ಬೀಳುತ್ತದೆ. ನಿಯಮ ಒಂದೇ, ಕೊಟ್ಟವರ ಕೈಗೇ ವಾಪಸು ಹೋಗಬಾರದು. ಆ ಮಟ್ಟಿಗೆ ದೇವರ ಮನೆಯ ತಾಯಿ ನನ್ನ ಮಾನ ಕಾಪಾಡಿಕೊಂಡು ಬಂದಿದ್ದಳು.

ನನ್ನ ಸೊಸೆ ಶೈಲಜ ಮೊಳಕಾಲ್ಮುರಿನವಳು. ಮನೆಯಲ್ಲೇ ಕೂತು ಕೋಡಿಂಗ್ ಕಲಿಯುತ್ತಾಳೆ. ಮೊನ್ನೆ ಕಲಿಸುವವರು ಒಂದು ಲೆಕ್ಕ ಕೊಟ್ಟಿದ್ದರು. ಸಂಜೆಯೊಳಗೆ ಬಿಡಿಸಿದರೆ ಮುಂದಿನ ತರಗತಿಯಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ. ಕೆಲವು ಊರು, ನಡುವೆ ಹೋಗಲು ಮಾತ್ರ ಬರುವ, ಹಿಂತಿರುಗಲು ಬಾರದ ದಾರಿಗಳು. ಈ ಊರಿನಿಂದ ಆ ಊರು ತಲುಪಬಹುದೇ ಎಂದು ಕಂಪ್ಯೂಟರ್ ಹೇಳಬೇಕು.

"ಬಸ್ ಸ್ಟ್ಯಾಂಡಲ್ಲಿ ಕೇಳಿದ್ರೆ ಹೇಳ್ತಾರಲ್ಲೇ," ಎಂದೆ.

ಅವಳು ನಗಲಿಲ್ಲ. ಬೆಳಗಿನ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು. "ನಾನು ಬರೆದ ಪ್ರೋಗ್ರಾಮು ಸುತ್ತಿದ್ದೇ ಸುತ್ತತೈತೆ ಅತ್ತೆ, ನಿಲ್ತಾನೇ ಇಲ್ಲ."

ನನಗೆ ಗೊತ್ತಿರುವ ಉಪಾಯವೆಂದರೆ ದೇವರಿಗೆ ತುಪ್ಪದ ದೀಪ. ಹಚ್ಚಿ ಬಂದು, ಚಹಾ ಕೊಟ್ಟು, ಹಿಂತಿರುಗಲು ಬಾರದ ದಾರಿ ಹೇಗಿರುತ್ತದೆ ಎಂದು ಕೇಳಿದೆ. ಬೇಸರಪಡದೆ ವಿವರಿಸಿದಳು.

"ನೀವು ರವಿಕೆ ಕಣ ಯಾರಿಗೆ ಕೊಡ್ತೀರಿ?"

"ಕೊಂಡ್ಲಹಳ್ಳಿ ನಾದಿನಿಗೆ. ಅವಳು ನನಗೆ ಕೊಡಲ್ಲ, ಸಿದ್ದಾಪುರದ ದೊಡ್ಡಮ್ಮಗೆ ಕೊಡ್ತಾಳೆ."

"ದೊಡ್ಡಮ್ಮ?"

"ಒಮ್ಮೊಮ್ಮೆ ನಿಮ್ಮವ್ವಗೆ, ಒಮ್ಮೊಮ್ಮೆ ನನಗೆ. ನಾನು ಕೊಟ್ಟ ಒಂದು ಹಸಿರು ಕಣ ಹಂಗೇ ತಿರುಗಿ ನನ್ನ ಕೈಗೇ ಬಂತು ನೋಡು."

"ಆಮೇಲೆ?"

"ಆಮೇಲೇನು, ಮತ್ತೆ ನಾದಿನಿಗೆ ಕೊಟ್ಟೆ."

ಶೈಲಜ ಲೋಟ ಕೆಳಗಿಟ್ಟಳು. "ನನ್ನ ಪ್ರೋಗ್ರಾಮೂ ಇದೇ ಮಾಡ್ತೈತೆ. ಹೋದ ಊರಿಗೇ ಮತ್ತೆ ಹೋಗ್ತೈತೆ."

ಹೊಕ್ಕ ಊರಿಗೆಲ್ಲ ಒಂದು ಗುರುತು ಹಾಕಿಸಿದಳು, ಗುರುತಿದ್ದ ಕಡೆ ಮತ್ತೆ ಕಾಲಿಡದಂತೆ. ನಿಂತಿತು. ಉತ್ತರ ಸರಿ ಎಂದು ಬಂತು, ಜಾಗವೂ ಸಿಕ್ಕಿತು. ಆ ಬೆರಳುಗಳಿಗೆ ದೃಷ್ಟಿ ತೆಗೆಯೋಣವೆಂದು ಉಪ್ಪು ತರಲು ಎದ್ದೆ.

ಅಷ್ಟರಲ್ಲಿ ಅವಳು ಊರುಗಳ ಬದಲು ನಮ್ಮ ಮನೆಗಳ ಹೆಸರು ಹಾಕಿದ್ದಳು. "ನಿಮ್ಮ ಕೈಯಿಂದ ಹೊರಟಿದ್ದು ನಮ್ಮವ್ವನ ಹತ್ರ ತಲುಪ್ತೈತಂತೆ ಅತ್ತೆ," ಎಂದಳು. ತಲೆ ಮಾತ್ರ ಎತ್ತಲಿಲ್ಲ. ದೊಡ್ಡ ಗುಣ. ಆ ಹಸಿರು ಕಣವನ್ನು ಮದುವೆ ತಾಂಬೂಲದಲ್ಲಿ ನನಗೆ ಕೊಟ್ಟವರು ಅವಳ ಅವ್ವನೇ.

"ತಡೆಯೋಕೆ ಬರ್ತೈತಾ?"

"ನಡುವೆ ಯಾರಾದ್ರೂ ಹೊಲಿಸ್ಕೊಂಡ್ರೆ ದಾರಿ ಕಡೀತೈತೆ."

ತಕ್ಷಣ ನಾದಿನಿಗೆ ಫೋನ್ ಮಾಡಿದೆ. ಹಸಿರು ನಿನ್ನ ಮೈಬಣ್ಣಕ್ಕೆ ಎಷ್ಟು ಒಪ್ಪುತ್ತದೆ, ಹೊಲಿಸಿಕೋ, ದರ್ಜಿಯ ಕೂಲಿ ನಾನೇ ಕೊಡುತ್ತೇನೆ ಎಂದೆ.

"ಅಯ್ಯೋ ಅತ್ತಿಗೆ, ನಿನ್ನೆನೇ ದೊಡ್ಡಮ್ಮನ ಮಡಿಲಿಗೆ ಹಾಕಿ ಬಂದೆನಲ್ಲ. ನಾಳೆ ಅವರು ಮೊಳಕಾಲ್ಮುರಿಗೆ ಹೋಗ್ತಾರಂತೆ, ನಿಮ್ಮ ಬೀಗಿತ್ತಿ ಮನೆಗೆ."

ಸೊಸೆಯ ಉತ್ತರ ಸರಿಯೋ ತಪ್ಪೋ ಎಂಬ ಅನುಮಾನ ಯಾರಿಗೇ ಇರಲಿ, ನನಗಂತೂ ಉಳಿಯಲಿಲ್ಲ.