ಗೋಡೆ ಹಿಡಿದು ಕರು ಸಾಕುವ ವಿಧಾನ

ವ್ಯಾಯಾಮದ ಬಗ್ಗೆ ನಾನು ನಾಲ್ಕು ಜನರೆದುರು ಬಾಯಿ ತೆರೆದಾಗಲೆಲ್ಲ ನನ್ನ ದೇಹ ಅದೇ ನಾಲ್ಕು ಜನರೆದುರು ನನ್ನ ವಿರುದ್ಧ ಸಾಕ್ಷಿ ಹೇಳಿಬಿಡುತ್ತದೆ. ಇಪ್ಪತ್ತೆಂಟು ವರ್ಷದಿಂದ ಇದು ತಪ್ಪದೆ ನಡೆದುಕೊಂಡು ಬಂದಿದೆ. ವಯಸ್ಸಾದಂತೆ ಸ್ನಾಯುಗಳು ಹೇಗೆ ಸೊರಗುತ್ತವೆ, ಕಾಲಿಗೆ ಹರಿಯುವ ರಕ್ತ ಹೇಗೆ ಕಡಿಮೆಯಾಗುತ್ತದೆ, ವ್ಯಾಯಾಮದಿಂದ ಅದನ್ನು ಎಷ್ಟರಮಟ್ಟಿಗೆ ತಡೆಯಬಹುದು ಎಂಬುದು ನನ್ನ ವಿದ್ಯೆ. ಪರ್ತ್‌ನಲ್ಲಿ ಕಲಿತೆ, ಅಡಿಲೇಡ್‌ನಲ್ಲಿ ಕಲಿಸಿದೆ, ಈಗ ಬ್ರಿಸ್ಬೇನ್‌ನಲ್ಲಿ ಹಿರಿಯರಿಗೆ ವ್ಯಾಯಾಮ ಮಾಡಿಸುತ್ತೇನೆ. ನಾನು ಮಾತ್ರ ಮಾಡುವುದಿಲ್ಲ.

ಹೀಗೇ ನಿವೃತ್ತಿಯವರೆಗೆ ಕಾಲ ಹಾಕಬಹುದಿತ್ತು. ಅಷ್ಟರಲ್ಲಿ ಮಗಳ ಮದುವೆ ನಿಶ್ಚಯವಾಯಿತು. ನಮ್ಮ ಮನೆಯ ಪದ್ಧತಿಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮದುಮಗಳು ಅಪ್ಪನ ತೊಡೆಯ ಮೇಲೆ ಕೂತಿರಬೇಕು. ಅಪ್ಪ ನೆಲದ ಮೇಲೆ, ಮಣೆಯ ಮೇಲೆ. ಮಗಳು ಹುಟ್ಟಿದ್ದು ಪರ್ತ್‌ನಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲಿ. "ಅಪ್ಪಾ, ಜಸ್ಟ್ ಯೂಸ್ ಎ ಚೇರ್," ಅಂದಳು. ನನಗೆ ಅವಮಾನವಾಯಿತು. ನನ್ನಪ್ಪ ಪೋಸ್ಟಾಫೀಸಿನ ಗುಮಾಸ್ತರು. ಅಕ್ಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಧಾರೆ ಎರೆದು, ಆಮೇಲೆ ಕೈ ಕೂಡ ಊರದೆ ಎದ್ದು ನಿಂತವರು. ನಾನೋ ಕಾಲಿನ ಮೇಲೆಯೇ ಡಾಕ್ಟರೇಟ್ ಮಾಡಿದವನು. ಕುರ್ಚಿ ಬೇಡ, ಮಣೆಯ ಮೇಲೇ ಕೂರುತ್ತೇನೆ, ಯಾರ ಕೈಯೂ ಹಿಡಿಯದೆ ಏಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿತು.

ಎರಡು ಫೈಲು

ಪರ್ತ್‌ಗೆ ಬಂದಾಗ ನನಗೆ ಮೂವತ್ತು. ನಮ್ಮ ಲ್ಯಾಬಿನಲ್ಲಿ ಯುವಕರ ಕಾಲಿನ ರಕ್ತ ಸಂಚಾರವನ್ನೂ ಎಪ್ಪತ್ತು ದಾಟಿದವರದ್ದನ್ನೂ ಹೋಲಿಸಿ ನೋಡುತ್ತಿದ್ದರು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಮುಂದಕ್ಕೆ ಒದೆಯುತ್ತಿರಬೇಕು. ತೊಡೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಹಿಡಿದು, ಕೆಲಸ ಶುರುವಾದ ಸ್ನಾಯುವಿಗೆ ರಕ್ತ ಎಷ್ಟು ಬೇಗ ಬರುತ್ತದೆ ಎಂದು ನೋಡುವುದು. ಒಂದು ದಿನ ಬರಬೇಕಾದ ಯುವಕ ಬರಲಿಲ್ಲ. ಪ್ರೊಫೆಸರಮ್ಮ ಲ್ಯಾಬಿನಲ್ಲೆಲ್ಲ ಕಣ್ಣಾಡಿಸಿ, ಕೊನೆಗೆ ನನ್ನನ್ನೇ ಯುವಕ ಎಂದು ಕೂರಿಸಿದರು. ನನ್ನ ನಂತರ ಒಬ್ಬ ಅಜ್ಜ ಬಂದರು. ಜೀವಮಾನವೆಲ್ಲ ಕುರಿಯ ಉಣ್ಣೆ ಕತ್ತರಿಸಿದವರು, ಎಪ್ಪತ್ತೆರಡು ವಯಸ್ಸು.

ಸಂಜೆ ಫೈಲುಗಳಿಗೆ ಹಚ್ಚಿದ ಚೀಟಿಗಳು ಕಿತ್ತುಹೋಗಿದ್ದವು. ಅಂಟು ಹಚ್ಚಿದವನು ನಾನೇ. ಪ್ರೊಫೆಸರಮ್ಮ ಏನೂ ಗಾಬರಿಯಾಗದೆ, ಇಷ್ಟು ವರ್ಷದ ಅನುಭವ, ಗ್ರಾಫ್ ನೋಡಿದರೆ ಗೊತ್ತಾಗುತ್ತೆ ಅಂದರು. ಒಂದನ್ನು ಕೈಗೆತ್ತಿಕೊಂಡು, ಈ ಪುಣ್ಯಾತ್ಮ ಎಂಬತ್ತರ ಹತ್ತಿರ ಇರಬೇಕು, ಮನೆಗೆ ಹೇಗೆ ಹೋದರೋ ಪಾಪ ಎಂದು ಮರುಗಿ ಮುದುಕರ ಡಬ್ಬಿಗೆ ಹಾಕಿದರು. ಆ ಪುಣ್ಯಾತ್ಮ ಅವರ ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿದ್ದ. ಇನ್ನೊಂದನ್ನು ನೋಡಿ, ಇವನು ಫುಟ್‌ಬಾಲ್ ಆಡುವ ಹುಡುಗ, ಅನುಮಾನವೇ ಇಲ್ಲ ಅಂದರು.

ಮುಂದಿನ ವಾರ ವಿಷಯ ಅಜ್ಜನ ಕಿವಿಗೂ ಬಿತ್ತು. ಅವರು ನನ್ನ ಬೆನ್ನು ತಟ್ಟಿ "ನೋ ವರೀಸ್, ಮೇಟ್" ಅಂದು, ಬಸ್ಸಿಗೆ ತೋರಿಸುವ ತಮ್ಮ ಸೀನಿಯರ್ ಕಾರ್ಡನ್ನು ನನ್ನ ಶರ್ಟಿನ ಜೇಬಿಗೆ ಇಳಿಬಿಟ್ಟರು.

ನರ

ಅಡಿಲೇಡ್‌ನಲ್ಲಿ ಪಾಠ ಹೇಳುತ್ತಿದ್ದ ಕಾಲ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಮೈಸೂರಿನ ಲೇಡಿ ಡಾಕ್ಟರೊಬ್ಬರಿದ್ದರು. ಅವರ ತಂದೆತಾಯಿ ಮಗಳ ಮನೆಗೆ ಬಂದಿದ್ದರು. ಅಂಕಲ್‌ಗೆ ಕಾಲುನೋವು. ಮಗಳಿಗೆ ಡ್ಯೂಟಿ. ಬಡಾವಣೆಯ ಡಾಕ್ಟರ ಹತ್ತಿರ ಅಪ್ಪನ ಜೊತೆ ಹೋಗಿ ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದು ನನ್ನನ್ನು ಕೇಳಿದರು. ಎರಡೂ ಭಾಷೆ ಬರುತ್ತೆ, ವಿಷಯವೂ ಗೊತ್ತು, ನಿಮಗಿಂತ ಬೇರೆಯವರು ಬೇಕಾ ಅಂದರು. ನಾನು ಉಬ್ಬಿಹೋದೆ.

ಅಂಕಲ್ ಡಾಕ್ಟರೆದುರು ಕೂತು, "ನಡೆದ್ರೆ ಕಾಲ ಹಿಂದುಗಡೆ ನರ ಹಿಡ್ಕೊಳತ್ತೆ. ಸ್ವಲ್ಪ ನಿಂತ್ರೆ ಬಿಟ್ಬಿಡತ್ತೆ," ಅಂದರು. ನಾನು ಗಂಟಲು ಸರಿಮಾಡಿಕೊಂಡು, ಇವರಿಗೆ ನರ್ವ್ ತೊಂದರೆ ಅಂದೆ. ನಮ್ಮ ಕನ್ನಡದ ನರದ ಮಹಿಮೆ ಆ ಕ್ಷಣ ನನಗೆ ಮರೆತುಹೋಗಿತ್ತು. ಮಿದುಳಿನಿಂದ ಬಂದದ್ದೂ ನರ, ರಕ್ತ ಹರಿಯುವುದೂ ನರ, ಇಂಜೆಕ್ಷನ್ ಚುಚ್ಚುವುದೂ ನರಕ್ಕೆ, ಕತ್ತು ಉಳುಕಿದರೂ ನರ. ಡಾಕ್ಟರು ನನ್ನ ಇಂಗ್ಲಿಷನ್ನು ನಂಬಿ ನರ್ವ್ ಪರೀಕ್ಷೆಗೆ ಬರೆದುಕೊಟ್ಟರು. ಅಂಕಲ್ ಕಾಲಿಗೆ ತಂತಿ ಸಿಕ್ಕಿಸಿ ಕರೆಂಟು ಕೊಟ್ಟು ನೋಡಿದರು. ಎಲ್ಲ ಸರಿಯಾಗಿದೆ ಎಂದು ವರದಿ ಬಂತು.

ಸಂಜೆ ಮಗಳು ಅಪ್ಪನನ್ನು ನೇರವಾಗಿ ವಿಚಾರಿಸಿ ನನಗೆ ಫೋನ್ ಮಾಡಿದರು. "ಸರ್, ನಡೆದ್ರೆ ನೋವು, ನಿಂತ್ರೆ ಹೋಗತ್ತೆ ಅಂತಿದಾರೆ. ಇದು ನಿಮ್ಮ ಸಬ್ಜೆಕ್ಟೇ ಅಲ್ವಾ?"

ನನ್ನ ಸಬ್ಜೆಕ್ಟೇ. ಕಾಲಿನ ರಕ್ತನಾಳ ಕಿರಿದಾಗಿದ್ದರೆ, ನಡೆಯುವಾಗ ಸ್ನಾಯು ಕೇಳಿದಷ್ಟು ರಕ್ತ ಬರುವುದಿಲ್ಲ, ನೋವು. ನಿಂತರೆ ಸ್ನಾಯುವಿನ ಬೇಡಿಕೆ ಇಳಿಯುತ್ತದೆ, ನೋವು ಮಾಯ. ನನ್ನ ಪ್ರಬಂಧದ ಎರಡನೇ ಅಧ್ಯಾಯ ಪೂರ್ತಿ ಇದೇ ಇದೆ. ಸರಿಯಾದ ಔಷಧಿ ಶುರುವಾಯಿತು. ನೋವು ಬರುವವರೆಗೆ ನಡೆ, ನಿಲ್ಲು, ಮತ್ತೆ ನಡೆ ಎಂದು ವಾಕಿಂಗ್ ಮಾಡಿಸುವ ಕೆಲಸ, ಪ್ರಾಯಶ್ಚಿತ್ತಕ್ಕೆಂದು, ನಾನೇ ವಹಿಸಿಕೊಂಡೆ. ಮೂರು ತಿಂಗಳಲ್ಲಿ ಅಂಕಲ್ ಸರಾಗವಾಗಿ ನಡೆಯತೊಡಗಿದರು.

ಆಂಟಿ ಕೃತಜ್ಞತೆ ಹೇಳುತ್ತಾರೆಂದು ಕಾಫಿಗೆ ಹೋದೆ. ಅವರ ಮುಖ ಬಿಗಿದುಕೊಂಡಿತ್ತು. "ಮುಂಚೆ ಪೇಟೆಗೆ ಹೋದ್ರೆ ಒಂದೊಂದು ಅಂಗಡಿ ಮುಂದೇನೂ ನಿಂತು ಗಾಜಿನೊಳಗೆ ನೋಡೋರು. ಈ ವಯಸ್ಸಲ್ಲಾದ್ರೂ ನನಗೆ ಏನಾದ್ರೂ ಕೊಡಿಸ್ಬೇಕು ಅನ್ಸಿದ್ಯಲ್ಲಾ ಅಂದ್ಕೊಂಡಿದ್ದೆ. ಅದೂ ಕಾಯಿಲೆ ಅಂತ ಮಾಡ್ಬಿಟ್ರಿ ನೀವು."

ಕರು

ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಒಂದು ಹಾಲ್ ಇದೆ. ಶನಿವಾರ ಬೆಳಿಗ್ಗೆ ಅಲ್ಲಿ ನಮ್ಮ ಕನ್ನಡದ ಹಿರಿಯರು ಹದಿನಾಲ್ಕು ಜನ ನನ್ನ ಕ್ಲಾಸಿಗೆ ಬರುತ್ತಾರೆ. ಕೂತಲ್ಲಿಂದ ಏಳುವಾಗ ಮೊದಲು ಮುಂದಕ್ಕೆ ಬಾಗಬೇಕು, ಆಗ ಭಾರ ಪಾದದ ಮೇಲೆ ಬಂದು ಸೊಂಟ ತಾನಾಗಿ ಮೇಲೇಳುತ್ತದೆ. ಅದಕ್ಕೆ ನಾನೊಂದು ಘೋಷಣೆ ಕಟ್ಟಿದ್ದೇನೆ: ಮೂಗು ಮುಂದೆ, ಸೊಂಟ ಮೇಲೆ. ಎಲ್ಲರೂ ಒಟ್ಟಿಗೆ ಕೂಗಿ ಏಳುತ್ತಾರೆ. ನಾನು ನಿಂತುಕೊಂಡೇ ಕೂಗುತ್ತೇನೆ. ಕ್ಲಾಸಿನ ಲೀಡರು ಎಂಬತ್ತು ದಾಟಿದ ಒಬ್ಬ ಆಂಟಿ, ಮೈಸೂರಿನಲ್ಲಿ ಹೆಡ್‌ಮಿಸ್ ಆಗಿದ್ದವರು. ನಾನು ತಡವಾಗಿ ಬಂದರೆ ಗಡಿಯಾರ ನೋಡುತ್ತಾರೆ.

ಮನೆಯಲ್ಲೂ ಮಾಡಲಿ ಎಂದು ವ್ಯಾಯಾಮಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಹಂಚುವ ಉಮೇದು ಬಂತು. ಒಂದು ಮಧ್ಯಾಹ್ನ, ಇಲ್ಲಿಯವರ ಬಾಯಲ್ಲಿ ಆರ್ವೋ, ಆಫೀಸಿನಲ್ಲಿ ಕೂತು, ಸೋಮಾರಿತನದಿಂದ, ಇಂಗ್ಲಿಷ್ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು ಅದು ಕೊಟ್ಟ ಕನ್ನಡವನ್ನು ಓದದೆಯೇ ಪ್ರಿಂಟ್ ಹಾಕಿದೆ. ಕಾಲಿನ ಹಿಂಭಾಗದ ಸ್ನಾಯುವಿಗೆ ಇಂಗ್ಲಿಷಿನಲ್ಲಿ ಕಾಫ್ ಅನ್ನುತ್ತಾರೆ. ಹಸುವಿನ ಕರುವಿಗೂ ಅದೇ ಹೆಸರು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವ ವ್ಯಾಯಾಮಕ್ಕೆ ಕಾಫ್ ರೈಸ್ ಎಂದು ಹೆಸರು. ರೈಸ್ ಅಂದರೆ ಎತ್ತುವುದೂ ಹೌದು, ಸಾಕುವುದೂ ಹೌದು. ಪಟ್ಟಿಯಲ್ಲಿ ಮೂರನೆಯ ಸಾಲು ಹೀಗೆ ಅಚ್ಚಾಗಿತ್ತು: ಕರು ಸಾಕಣೆ. ಗೋಡೆ ಹಿಡಿದು ನಿಲ್ಲಿ. ದಿನಕ್ಕೆ ಎರಡು ಬಾರಿ, ಹತ್ತು ಹತ್ತು.

ಮುಂದಿನ ಶನಿವಾರ ಒಬ್ಬ ಅಂಕಲ್ ಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬಹಳ ಸಂಕೋಚದಿಂದ ನನ್ನನ್ನು ಪಕ್ಕಕ್ಕೆ ಕರೆದರು.

"ಡಾಕ್ಟ್ರೇ, ಬೇರೆಯದೆಲ್ಲ ಮಾಡಿದೆ. ಈ ಮೂರನೇದು ಒಂದು ಕಷ್ಟ. ನಮ್ದು ಟೌನ್‌ಹೌಸು, ಬಟ್ಟೆ ಒಣಗಾಕೋಕೇ ಜಾಗ ಇಲ್ಲ. ಹತ್ತು ಅಂದ್ರೆ ಕೌನ್ಸಿಲ್‌ನೋರು ಒಪ್ತಾರಾ?"

ನಾನು ಪಟ್ಟಿ ಬಿಡಿಸಿ ಓದಿದೆ. ಕಿವಿಯವರೆಗೆ ರಕ್ತ ಏರಿತು. ವಯಸ್ಸಾದ ರಕ್ತನಾಳಗಳು ಬೇಗ ಹಿಗ್ಗುವುದಿಲ್ಲ ಎಂದು ನಾನೇ ಪಾಠ ಮಾಡುತ್ತೇನೆ, ಆದರೆ ನಾಚಿಕೆಗೆ ಆ ನಿಯಮ ಅನ್ವಯಿಸುವುದಿಲ್ಲ. ಎಲ್ಲರನ್ನೂ ಕರೆದು ಕ್ಷಮೆ ಕೇಳಿದೆ. ಅದು ಕರು ಅಲ್ಲ, ಕಾಲಿನ ಸ್ನಾಯು, ಅದು ಕುಗ್ಗಿ ಹಿಗ್ಗಿದಾಗಲೇ ಕೆಳಗಿಳಿದ ರಕ್ತ ಮತ್ತೆ ಮೇಲಕ್ಕೆ ಹೋಗುವುದು, ಅದು ಕಾಲಿನಲ್ಲಿರುವ ಎರಡನೇ ಹೃದಯ ಎಂದೆಲ್ಲ ವಿವರಿಸಿದೆ. ಹಾಗಾದರೆ ಅದಕ್ಕೆ ಅಚ್ಚ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಹೆಡ್‌ಮಿಸ್ ಕೇಳಿದರು. ಮೀನಖಂಡ ಅಂದೆ.

ಹೆಡ್‌ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಕರುನೇ ಇರ್ಲಿ ಬಿಡಿ ಡಾಕ್ಟ್ರೇ. ಇಲ್ಲಿ ಮುಕ್ಕಾಲು ಪಾಲು ಸಸ್ಯಾಹಾರಿಗಳು."

ಅಂದಿನಿಂದ ಆ ವ್ಯಾಯಾಮಕ್ಕೆ ಅದೇ ಹೆಸರು ನಿಂತಿತು. ಸನ್ನಿಬ್ಯಾಂಕ್‌ನ ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಕರು ಸಾಕಿದ್ರಾ ಎಂದೇ ವಿಚಾರಿಸಿಕೊಳ್ಳುತ್ತಾರೆ. ಈ ಕತೆಯನ್ನು ಹೆಂಡತಿ ಮಗಳಿಗೆ ಫೋನಿನಲ್ಲಿ ಹೇಳಿದಳು. ಫೋರ್ಟಿಟ್ಯೂಡ್ ವ್ಯಾಲಿಯ ಅಪಾರ್ಟ್‌ಮೆಂಟಿನಲ್ಲಿ ಅವಳು ನಕ್ಕದ್ದು ನಮ್ಮ ಅಡುಗೆಮನೆವರೆಗೂ ಕೇಳಿಸಿತು.

ಅಕ್ಕಿ ಮೂಟೆ

ಮದುವೆಗೆ ಎರಡು ತಿಂಗಳಿದೆ ಅನ್ನುವಾಗ ನಾನು ಅಭ್ಯಾಸ ಶುರುಮಾಡಿದೆ. ಮಣೆಯ ಮೇಲೆ ಕೂರುವುದು ಸರಿ, ತೊಡೆಯ ಮೇಲೆ ಭಾರ ಬೇಕಲ್ಲ. ಮಗಳ ತೂಕ ಕೇಳುವ ಧೈರ್ಯ ಯಾವ ಅಪ್ಪನಿಗಿದೆ? ಸನ್ನಿಬ್ಯಾಂಕ್‌ನಿಂದ ತಂದಿದ್ದ ಸೋನಾಮಸೂರಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಗ್ಯಾರೇಜಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ಕಾರು. ಇಪ್ಪತ್ತೇಳು ವರ್ಷದ ಕೆಳಗೆ ಇದೇ ತೊಡೆಯ ಮೇಲೆ ಅವಳು ಟವೆಲಿನೊಳಗೆ ಮಲಗಿದ್ದದ್ದು ನೆನಪಾಗಿ ಕಣ್ಣು ತುಂಬಿತು. ಮೇಲಿನ ಮೂಟೆಯನ್ನು ಎರಡೂ ಕೈಯಿಂದ ತಬ್ಬಿಕೊಂಡೆ.

ಹೆಂಡತಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ರೀ, ಬೇಗ ಧಾರೆ ಎರೆದ್ಬಿಡಿ. ಅನ್ನಕ್ಕಿಡ್ಬೇಕು."

ಹನ್ನೊಂದು ದಿನ ತಪ್ಪದೆ ಮಾಡಿದೆ. ಹನ್ನೆರಡನೆಯ ದಿನ ಒಬ್ಬ ಗೆಳೆಯನ ಮನೆಯಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಪಾರ್ಟಿ, ಇತ್ತು. ಹದಿಮೂರನೆಯ ದಿನ ಕಾರ್ಡು ಹಂಚುವುದಿತ್ತು. ಆಮೇಲೆ ಹೆಂಡತಿ ಕೇಳಿದಾಗಲೆಲ್ಲ, ನಡೀತಿದೆ ಅನ್ನುತ್ತಿದ್ದೆ. ಮೂಟೆಗಳಲ್ಲಿ ಒಂದು ಖಾಲಿಯೂ ಆಯಿತು.

ಮೂಗು ಮುಂದೆ

ಅಳಿಯ ಅಡಿಲೇಡ್‌ನವನು, ಅಪ್ಪಟ ಆಸ್ಟ್ರೇಲಿಯನ್ ಹುಡುಗ, ಒಳ್ಳೆಯವನು. ಮದುವೆಯ ದಿನ ಅವನ ಕಡೆಯವರು ಇಪ್ಪತ್ತು ಜನ ಬಂದು ಭಕ್ತಿಯಿಂದ ಮೊದಲೆರಡು ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ನನ್ನ ಕ್ಲಾಸಿನ ಹದಿನಾಲ್ಕು ಜನ. ಪುರೋಹಿತರು ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು. ಬೀಗರಿಗೆ ಅರ್ಥವಾಗಲೆಂದು ಪ್ರತಿಯೊಂದು ಮಂತ್ರವನ್ನೂ ಇಂಗ್ಲಿಷಿನಲ್ಲಿ ವಿವರಿಸಿ, ಎನಿ ಕ್ವೆಶ್ಚನ್ಸ್ ಎಂದು ಕೇಳುತ್ತಿದ್ದರು. ಬೀಗರಿಗೆ ತುಂಬಾ ಕ್ವೆಶ್ಚನ್ಸ್ ಇದ್ದವು.

ನಾನು ಮಣೆಯ ಮೇಲೆ, ಮಗಳು ನನ್ನ ತೊಡೆಯ ಮೇಲೆ. ಮೊದಲ ಹತ್ತು ನಿಮಿಷ ಕಾಲು ನೋಯಿತು. ಆಮೇಲೆ ಚುಚ್ಚಿತು. ಆಮೇಲೆ ಜೋಮು ಹಿಡಿದು, ಕಾಲುಗಳಿವೆ ಎಂಬುದೇ ಮರೆತುಹೋಯಿತು. ಅಷ್ಟರಲ್ಲಿ ಗಟ್ಟಿಮೇಳ. ಅಳಿಯ ತಾಳಿ ಕಟ್ಟಿದ. ನನ್ನ ಕಣ್ಣಲ್ಲಿ ನೀರು ಸುರಿಯಿತು. ಅದರಲ್ಲಿ ಕಾಲಿನ ಪಾಲೂ ಇತ್ತು, ಆದರೆ ಹೆಚ್ಚಿನದು ನನ್ನದೇ. ಈ ಹುಡುಗಿ ಇನ್ನು ನನ್ನ ತೊಡೆಯ ಮೇಲೆ ಕೂರುವುದಿಲ್ಲ ಅನ್ನುವುದು ಆಗಷ್ಟೇ ಹೊಳೆದಿತ್ತು.

ಪುರೋಹಿತರು ಹುಡುಗಿಯ ತಂದೆ ಎದ್ದು ನಿಲ್ಲಬೇಕು ಅಂದರು. ಮಗಳು ಎದ್ದಳು. ನಾನು ಏಳಲಿಲ್ಲ. ಇನ್ನೊಮ್ಮೆ ಅಂದರು. ಪ್ರಯತ್ನಪಟ್ಟೆ, ಪಂಚೆ ಅಲ್ಲಾಡಿತು ಅಷ್ಟೇ. ಹೆಂಡತಿ ಕೈ ಚಾಚಿದಳು. ಯಾರ ಕೈಯೂ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ತಲೆ ಅಲ್ಲಾಡಿಸಿದೆ. ಹಾಲಿನಲ್ಲಿ ಗುಸುಗುಸು ಶುರುವಾಯಿತು. ನನ್ನಪ್ಪನ ನೆನಪಾಗಿ ನೆಲವೇ ನುಂಗಿಬಿಡಲಿ ಅನ್ನಿಸಿತು.

ಆಗ ಮುಂದಿನ ಸಾಲಿನಿಂದ ಹೆಡ್‌ಮಿಸ್ ಎದ್ದು ನಿಂತರು. ಶಾಲೆಯ ಅಂಗಳಕ್ಕೆಲ್ಲ ಕೇಳಿಸುತ್ತಿದ್ದ ಆ ದನಿಯಲ್ಲಿ, "ಡಾಕ್ಟ್ರೇ, ಮೂಗು ಎಲ್ಲಿದೆ?" ಅಂದರು.

ಮೂಗು ಹಿಂದಿತ್ತು. ಮುಂದೆ ತಂದೆ. ಹದಿನಾಲ್ಕು ಜನವೂ ಎದ್ದು, ಶನಿವಾರದ ರಾಗದಲ್ಲಿ, ಮೂಗು ಮುಂದೆ, ಸೊಂಟ ಮೇಲೆ ಎಂದು ಹೇಳತೊಡಗಿದರು. ಅಡಿಲೇಡ್‌ನ ಬೀಗರು ಇದೂ ಒಂದು ಮಂತ್ರ ಎಂದುಕೊಂಡರು. ಕೈ ಮುಗಿದು ಎದ್ದು ನಿಂತು, ಇಪ್ಪತ್ತು ಜನವೂ ಶ್ರದ್ಧೆಯಿಂದ ಮೂಗೂ ಮುಂದೇ, ಸೊಂಟಾ ಮೇಲೇ ಎಂದು ದನಿಗೂಡಿಸಿದರು. ನಾದಸ್ವರದವರು ಶ್ರುತಿ ಹಿಡಿದರು. ನಾನು ಒಂದು ಮಂಡಿಯೂರಿದೆ, ಇನ್ನೊಂದು ಪಾದ ಮುಂದಿಟ್ಟೆ. ಮೂರನೆಯ ಆವರ್ತಕ್ಕೆ ಸೊಂಟ ಮೇಲೆ ಬಂತು. ಎದ್ದು ನಿಂತೆ, ಯಾರ ಕೈಯೂ ಹಿಡಿಯದೆ. ಪುರೋಹಿತರು ಬೇರೆ ದಾರಿ ಕಾಣದೆ ಅಕ್ಷತೆ ಹಾಕಿಸಿಬಿಟ್ಟರು. ಬೀಗರು ಆ ಮಂತ್ರದ ಅರ್ಥ ಕೇಳಿದಾಗ, ಹಂಬಲ್ ಆಗಿ ತಲೆಬಾಗಿದವನು ಮೇಲಕ್ಕೆ ಏಳುತ್ತಾನೆ ಎಂದು ವಿವರಿಸಿದರಂತೆ.

ಜೋಮು ಬಿಡುವಾಗಿನ ಚುಚ್ಚಾಟಕ್ಕೆ ನಾನು ಒಂದೇ ಕಾಲಿನ ಮೇಲೆ ಓಲಾಡುತ್ತಿದ್ದೆ. ಮಗಳು ನಮಸ್ಕಾರ ಮಾಡಲು ಬಾಗಿದವಳು ಎದ್ದು, ನನ್ನ ಕಿವಿಯ ಹತ್ತಿರ ಬಂದಳು. ಐ ಲವ್ ಯೂ ಅಪ್ಪಾ ಅನ್ನುತ್ತಾಳೆಂದು ನಾನು ತಯಾರಾದೆ. ಇಪ್ಪತ್ತೇಳು ವರ್ಷ ಇಂಗ್ಲಿಷಿನಲ್ಲೇ ಉತ್ತರಿಸಿದ್ದ ನನ್ನ ಮಗಳು ಅಂದು ಅಚ್ಚ ಕನ್ನಡದಲ್ಲಿ ಕೇಳಿದಳು:

"ಅಪ್ಪಾ, ನೀವು ಕರು ಸಾಕೋದು ಬಿಟ್ಬಿಟ್ರಾ?"