ಜೋಳದ ಚೀಲವೂ ಸೋದರಮಾವನ ತೋಳೂ

ಅಂಗಿಯೊಳಗೆ ತೋಳಿರುತ್ತದೆಂದು ಜನ ನಂಬಿರುತ್ತಾರೆ. ಆ ನಂಬಿಕೆಯ ಮೇಲೆಯೇ ನಾನು ಬಹಳ ವರ್ಷ ಮರ್ಯಾದೆಯಿಂದ ಬದುಕಿದೆ. ರೋಣದ ಕನ್ನಡ ಶಾಲೆಯ ಮಾಸ್ತರನಿಗೆ ಸುಣ್ಣದ ಕಡ್ಡಿಗಿಂತ ಭಾರವಾದದ್ದನ್ನು ಎತ್ತುವ ಪ್ರಸಂಗ ಬರುವುದು ಕಡಿಮೆ. ನಾಡು ಒಂದಾದ ಹೊಸತರಲ್ಲಿ ಎಲ್ಲರೂ ನಮಗೆ ಬಲ ಬಂತೆಂದು ಸಂಭ್ರಮಿಸುತ್ತಿದ್ದಾಗಲೂ ನನ್ನ ತೋಳಿಗೆ ಆ ಸುದ್ದಿ ತಲುಪಿರಲಿಲ್ಲ. ಅಷ್ಟರಲ್ಲಿ ಸವಡಿಯಲ್ಲಿರುವ ನನ್ನ ಅಕ್ಕನ ಮಗಳು ಗಂಗವ್ವನ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ದೇವರ ಕೋಣೆಯಿಂದ ಹಂದರದವರೆಗೆ ಸೋದರಮಾವ ಎತ್ತಿಕೊಂಡು ಬರಬೇಕು, ಅವಳ ಕಾಲು ನೆಲಕ್ಕೆ ಹತ್ತಬಾರದು. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ. ಗಂಗವ್ವನೋ, ತಲೆಯ ಮೇಲೊಂದು, ಬಗಲಲ್ಲೊಂದು ತುಂಬಿದ ಕೊಡ ಹೊತ್ತು ನಗುತ್ತ ಬರುವ ಹುಡುಗಿ. ಅವಳು ನನ್ನನ್ನು ಎತ್ತಿಕೊಂಡು ಬರುವುದೇ ಹೆಚ್ಚು ಸುಲಭವಾಗಿತ್ತು.

ಗಂಡಿನ ಕಡೆಯವರು ಆಗಲೇ ನಗಲು ಶುರುಮಾಡಿದ್ದರಂತೆ. ದೂರದ ಸಂಬಂಧದ ಪೈಲ್ವಾನನೊಬ್ಬನಿದ್ದಾನೆ, ಅವನೇ ಎತ್ತಲಿ ಎಂದು ಯಾರೋ ಸೂಚಿಸಿದರೆ, ನನ್ನ ತಮ್ಮನೇ ಎತ್ತುತ್ತಾನೆ ಎಂದು ಅಕ್ಕ ಎಲ್ಲರೆದುರು ಹೇಳಿಬಿಟ್ಟಳಂತೆ. ನಮ್ಮೂರು ಮುಶಿಗೇರಿಯಲ್ಲಿ ನಾವು ಚಿಕ್ಕವರಿದ್ದಾಗ ಅವ್ವ ಹೊಲಕ್ಕೆ ಹೋದರೆ ದಿನವಿಡೀ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು ಅವಳೇ. ನಡೆಯಲು ಬಂದ ಮೇಲೂ ನಾನು ಇಳಿಯುತ್ತಿರಲಿಲ್ಲ. ಅವಳ ಮಾತು ನಾಲ್ಕು ಜನರೆದುರು ಸುಳ್ಳಾಗಬಾರದು.

ನೆಟ್ಟಗೆ ಗರಡಿಮನೆಗೆ ಹೋದೆ. ಅಲ್ಲಿದ್ದ ಗುಂಡುಕಲ್ಲುಗಳಲ್ಲಿ ಎಲ್ಲಕ್ಕೂ ದೊಡ್ಡದನ್ನೇ ತಬ್ಬಿಕೊಂಡೆ. ಕಲ್ಲು ಇದ್ದಲ್ಲಿಯೇ ಇತ್ತು, ನನ್ನ ಟೊಂಕ ಮಾತ್ರ ಇದ್ದಲ್ಲಿ ಇರಲಿಲ್ಲ. ಗರಡಿಯ ವಸ್ತಾದ ಇಮಾಮಸಾಬರು ನನ್ನನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕುತ್ತ, ತಾವು ಗೆದ್ದ ಕುಸ್ತಿಗಳನ್ನೆಲ್ಲ ಒಂದೂ ಬಿಡದೆ ವರ್ಣಿಸಿದರು. ಓಡಿಹೋಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ನನ್ನ ಪಾಲಿನ ಮಾತೂ ಬಂತು. “ಮಾಸ್ತರ, ಭಾಳ ಭಾರದ್ದು ಒಮ್ಮೆ ಎತ್ತಿದ್ರ ನಡ ಹೋಗತೈತಿ. ನಡುತರದ್ದು ತಗೋರಿ, ತೋಳು ಸಾಕು ಅನ್ನೂತನಾ ಮತ್ತ ಮತ್ತ ಎತ್ರಿ. ಖಂಡ ತಾವ ಬರತಾವ.”

ಮನೆಗೆ ಬಂದು ಹೆಂಡತಿಗೂ ಈ ಮಾತನ್ನೇ ಹೇಳಿದೆ. ನಮ್ಮ ಮನೆಯಲ್ಲಿ ನಡುತರದ್ದೆಂದರೆ ಅಡಿಗೆಮನೆ ಮೂಲೆಯ ಅರ್ಧ ಚೀಲ ಜೋಳ. ದಿನಾ ಮುಂಜಾನೆ ಅದನ್ನು ಅಪ್ಪಿ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಮೊದಮೊದಲು ಎರಡು ಸಲಕ್ಕೇ ಕಣ್ಣು ಕತ್ತಲೆ ಬರುತ್ತಿತ್ತು. ಬರಬರುತ್ತ ಚೀಲ ಹಗುರವಾಗತೊಡಗಿತು. ನನ್ನ ಆನಂದವನ್ನು ಏನು ಕೇಳುತ್ತೀರಿ! ಅಂಗಿಯ ತೋಳು ಮೇಲೇರಿಸಿಕೊಂಡು ಪಾಠ ಹೇಳತೊಡಗಿದೆ. ಹೆಡ್‌ಮಾಸ್ತರರು ನನಗೆ ಸೆಕೆಯಾಗುತ್ತಿದೆಯೆಂದು ತಿಳಿದು ಕಿಟಕಿ ತೆರೆಸಿದರು. ಮದುವೆ ಹತ್ತಿರ ಬಂದಾಗ ಒಂದು ದಿನ ನನ್ನ ಹೆಂಡತಿ ನೀಲವ್ವ ಆ ಚೀಲದ ಬಾಯಿ ಬಿಚ್ಚಿ, ಬೀಸಲೆಂದು ಮೊರದ ತುಂಬ ಜೋಳ ತೆಗೆದುಕೊಳ್ಳುವುದು ಕಣ್ಣಿಗೆ ಬಿತ್ತು. ದಿನಾ ಇದರಿಂದಲೇ ತೆಗೆಯುತ್ತೀಯಾ ಎಂದು ಕೇಳಿದೆ. ಮತ್ತೆ ರೊಟ್ಟಿ ಎಲ್ಲಿಂದ ಬರುತ್ತವೆಂದು ತಿಳಿದಿದ್ದಿರಿ ಎಂದು ಅವಳು ನನ್ನನ್ನೇ ಕೇಳಿದಳು. ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುವ ನಾನು ಎರಡೂ ಹೊತ್ತು ಆ ರೊಟ್ಟಿಯನ್ನೇ ತಿಂದಿದ್ದೆ.

ಚೀಲದ ಪಕ್ಕದಲ್ಲಿ ಕುಸಿದು ಕುಳಿತೆ. ಆ ಪೈಲ್ವಾನನನ್ನೇ ಕರೆಸೆಂದು ಅಕ್ಕನಿಗೆ ಹೇಳಿಕಳಿಸುತ್ತೇನೆ ಎಂದೆ. ನೀಲವ್ವ ಮೊರ ಕೆಳಗಿಟ್ಟಳು.

“ಚೀಲ ಹಗರ ಆಗೇತಿ, ಖರೇ. ಆದರ ಮೊದಲ ಎರಡ ಸಲ ಎತ್ತಿ ಕುಂಡ್ರತಿದ್ರಿ. ಈಗ ರೊಟ್ಟಿ ಆರತಾವ ಅಂದ್ರೂ ಬರವಲ್ರಿ, ಎತ್ತಿಕೋತನ ಇರತೀರಿ. ಅದನ್ನೂ ಜೋಳನ ಮಾಡೇತೇನು?”

ಹೀಗೆಂದವಳೇ ಪಕ್ಕದ ಮನೆಯಿಂದ ಜೋಳ ತಂದು ಚೀಲವನ್ನು ಮೊದಲಿನಷ್ಟೇ ತುಂಬಿಸಿದಳು. ಕಣ್ಣು ಮುಚ್ಚಿ ಎತ್ತಿದೆ. ಬಂತು. ಇಳಿಸಿ ಮತ್ತೆ ಎತ್ತಿದೆ, ಮತ್ತೆಯೂ ಬಂತು. ಆ ಹೊತ್ತಿನಲ್ಲಿ ನೀಲವ್ವನಿಗೆ ಕೈಮುಗಿಯಬೇಕೆನ್ನಿಸಿತು, ಆದರೆ ಕೈಯಲ್ಲಿ ಚೀಲವಿತ್ತು.

ಮದುವೆಯ ದಿನ ಗಂಗವ್ವನನ್ನು ಎತ್ತಿದೆ. ಜೋಳದ ಚೀಲಕ್ಕೆ ರೇಷ್ಮೆ ಸೀರೆ ಇರಲಿಲ್ಲ, ಹೀಗೆ ಜಾರುತ್ತಲೂ ಇರಲಿಲ್ಲ. ಹೊಸ್ತಿಲು ದಾಟುವಾಗ ನನ್ನ ಹಿಡಿತ ಸಡಿಲಾಯಿತು. ಅವಳಿಗೆ ಅದು ತಿಳಿಯಿತೆಂದು ಕಾಣುತ್ತದೆ, ನನ್ನ ಕೊರಳನ್ನು ಬಿಗಿಯಾಗಿ ಅಪ್ಪಿ ಕಿವಿಯಲ್ಲಿ, “ಹೆದರಬ್ಯಾಡ ಮಾಮಾ, ನಾ ಗಟ್ಟಿ ಹಿಡಕೊಂಡೀನಿ” ಎಂದಳು. ನಗಲು ಸಿದ್ಧರಾಗಿದ್ದ ಬೀಗರು ಸುಮ್ಮನೆ ದಾರಿ ಬಿಟ್ಟರು. ಕಾಲು ನೆಲಕ್ಕೆ ಹತ್ತಗೊಡದೆ ಮಣೆಯ ಮೇಲೆ ಕೂಡಿಸಿದೆ. ಅಕ್ಕ ಬಂದು ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ, ದಣಿದೆಯೇನೋ ತಮ್ಮಾ ಎಂದು ಕೇಳಿದಳು. ಇಲ್ಲ, ಏನೂ ಭಾರವಾಗಲಿಲ್ಲ ಎಂದೆ.

“ನಾನೂ ಅವ್ವಗ ದಿನಾ ಹಿಂಗ ಹೇಳತಿದ್ದೆ” ಎಂದು ಅಕ್ಕ ನಕ್ಕಳು.

ಸೆರಗು ಹಿಡಿದಿದ್ದ ಅವಳ ಕೈಯನ್ನು ಹಿಡಿದುಕೊಂಡೆ.

ಮರುದಿನ ಊರಿಗೆ ಹೊರಟಾಗ ಟ್ರಂಕು, ಹಾಸಿಗೆ ಸುರುಳಿ, ಅಕ್ಕ ಕಟ್ಟಿಕೊಟ್ಟ ಬುಂದೆಯ ಬುಟ್ಟಿ, ಎಲ್ಲವನ್ನೂ ನೀಲವ್ವ ನನ್ನ ಮುಂದೆ ತಂದಿಟ್ಟಳು. ಬಸ್ಸು ನಿಲ್ಲುವ ಜಾಗ ಊರ ಹೊರಗೆ. ಇಷ್ಟನ್ನೆಲ್ಲ ಒಂದೇ ಸಲಕ್ಕೆ ಹೇಗೆ ಒಯ್ಯಲಿ ಎಂದು ಗೊಣಗಿದೆ.

“ಒಂದ ಸಲಕ್ಕ ಒಯ್ರಿ ಅಂತ ಯಾರ ಅಂದಾರ?” ಎಂದಳು. “ನಡುತರದ್ದು ತಗೋರಿ, ಮತ್ತ ಮತ್ತ ಬರ್ರಿ.”