ಹೊಗೆಯನ್ನೂ ಸುಮ್ಮನೆ ಬಿಡದ ನಮ್ಮ ಮಾವ

ನಮ್ಮ ಸೋದರಮಾವನಂಥ ಜಿಪುಣ ಗಂಗಾವತಿಯಲ್ಲೇ ಇನ್ನೊಬ್ಬನಿರಲಿಲ್ಲ! ದುಡ್ಡಿನಲ್ಲಲ್ಲ, ಅದು ಅವನ ಕೈಯಲ್ಲಿ ನಿಂತದ್ದನ್ನು ಕಂಡವರಿಲ್ಲ. ಅವನ ಜಿಪುಣತನವೆಲ್ಲ ಬಿಸಿಯ ಮೇಲೆ. ಒಂದಿಷ್ಟು ಕಾವು ಗಾಳಿಗೆ ಹೋದರೂ ಅವನಿಗೆ ನಿದ್ದೆಯಿಲ್ಲ.

ಬಸ್ ಹತ್ತಿದರೆ ಡ್ರೈವರನ ಪಕ್ಕವೇ ಬೇಕು. ಯಾಕೆ? ಇಂಜಿನ್ ಮುಚ್ಚಳದ ಮೇಲೆ ಬುತ್ತಿ ಇಡಲಿಕ್ಕೆ! ಕೊಪ್ಪಳ ಬರುವಷ್ಟರಲ್ಲಿ ಬಸ್ಸಿಗೆಲ್ಲ ಬದನೆಕಾಯಿ ಪಲ್ಯದ ವಾಸನೆ.

"ಯಜಮಾನ್ರ, ನಿಮ್ಮ ರೊಟ್ಟಿಗೂ ಟಿಕೀಟು ತಗೀರಿ," ಎಂದ ಕಂಡಕ್ಟರು.

"ಅರ್ಧಾ ಟಿಕೀಟು ಕೊಡ್ರಿ, ಇನ್ನೂ ಪೂರ್ತಿ ಬಿಸಿ ಆಗಿಲ್ಲ!"

ಮಾವ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಮಿಸ್ತ್ರಿ. ಭತ್ತ ಬೇಯಿಸುವ ಹಬೆಯೆಲ್ಲ ಅವನ ಸುಪರ್ದಿ. ಬಾಯ್ಲರ್ ಒಲೆಗೆ ಭತ್ತದ ಹೊಟ್ಟು ಹೊರುವವನು ನಾನು. ಐದನೇ ಇಯತ್ತೆಗೆ ಶಾಲೆ ಬಿಟ್ಟರೇನು, ಬುಟ್ಟಿ ಹೊರುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ, ಬಿಡಿ.

ಒಂದು ದಿನ ಮಾವ ಚಿಮಣಿ ನೋಡಿ ಹಲ್ಲು ಕಡಿದ. "ನೋಡಳಿಯಾ, ನೀ ಹೊತ್ತ ಹೊಟ್ಟು ಹೆಂಗ ಮ್ಯಾಲ ಹಾರಿ ಹೊಂಟೈತಿ!" ಬಾಯ್ಲರಿಗೆ ಹೋಗುವ ತಣ್ಣೀರಿನ ಪೈಪನ್ನು ಮೊದಲು ಚಿಮಣಿ ಬುಡದ ಬಿಸಿ ಹೊಗೆಯಲ್ಲಿ ಸುತ್ತಿಸಿದರೆ ನೀರು ಅಲ್ಲೇ ಕಾಯುತ್ತದೆ, ಹೊಟ್ಟು ಉಳಿಯುತ್ತದೆ ಎಂಬುದು ಅವನ ಲೆಕ್ಕ.

ಗಿರಣಿ ಸಾವಕಾರರು ಬೆಚ್ಚಿದರು. "ಹೊಗಿಯೊಳಗ ನೀರಿನ ಪೈಪಾ? ಒಡದ್ರ ಏನ್ ಗತಿ ಮಿಸ್ತ್ರಿ?"

"ಒಡದ್ರ ಅವತ್ತ ನನ್ನ ಕೆಲಸಾ ಬಿಡಸ್ರಿ, ಸಾವ್ಕಾರ್ರ."

ಹದಿನೆಂಟು ವರ್ಷದ ನೌಕರಿಯನ್ನು ಹಳೇ ಪೈಪಿಗೆ ಒತ್ತೆಯಿಟ್ಟುಬಿಟ್ಟ!

"ಮಾವಾ, ತಲಿ ಕಾದೈತೇನು?" ಎಂದೆ.

"ಕಾದಿದ್ರ ಅದರ ಮ್ಯಾಲೂ ಒಂದು ಚಾ ಕಾಸಿಕೊಳ್ಳೋಣ ತಗೋ!"

ಸಾವಕಾರರು ಅರೆಮನಸ್ಸಿನಿಂದ ಒಪ್ಪಿದರು. ಹೊಗೆಯಲ್ಲಿ ಸುತ್ತಿಸಿದ ಪೈಪಿಗೆ ನೀರು ಬಿಟ್ಟ ದಿನ ಒಳಗಿನಿಂದ ಢಣ್ ಢಣ್ ಎಂದು ಬಡಿತ ಶುರುವಾಯಿತು. ಎಲ್ಲರೂ ಓಡಿದರು. ಎಲ್ಲರಿಗಿಂತ ಮುಂದೆ ಯಾರು? ನಾನೇ! ಮಾವನೊಬ್ಬನೇ ನಿಂತು, ಕಿವಿಗೊಟ್ಟು ಕೇಳಿ, ವಾಲ್ವನ್ನು ಮೆಲ್ಲಗೆ ತಿರುಗಿಸಿದ. ಪೈಪಿನೊಳಗೆ ಸಿಕ್ಕಿಕೊಂಡಿದ್ದ ಗಾಳಿ ಬುಸ್ಸೆಂದು ಹೊರಬಿತ್ತು. ಬಡಿತ ನಿಂತಿತು.

ಸಂಜೆಗೆ, ದಿನಾ ಸುಡುವ ನಲವತ್ತು ಬುಟ್ಟಿ ಹೊಟ್ಟಿನಲ್ಲಿ ನಾಲ್ಕು ಹಾಗೇ ಉಳಿದಿದ್ದವು. ಸಾವಕಾರರು ನಂಬದೆ ಪೈಪು ಮುಟ್ಟಿ ಬೆರಳು ಸುಟ್ಟುಕೊಂಡರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಬೆರಳಿಗೆ ಉಫ್ ಉಫ್ ಎಂದು ಊದುತ್ತಲೇ ಕೇಳಿದರು, "ಇನಾಮು ಏನ್ ಬೇಕು, ಹೇಳು."

ನಾನು ಹಿಂದಿನಿಂದ ಪಿಸುಗುಟ್ಟಿದೆ, "ವಾಚು ಕೇಳು ಮಾವಾ, ವಾಚು!"

"ಈ ಪೈಪಿಗೆ ಒಂದು ನಲ್ಲಿ ಕೂಡಸ್ತೀನ್ರಿ. ಭತ್ತ ನೆನಸೋ ಹೆಣ್ಮಕ್ಕಳು ಮುಂಜಾನಿಂದ ತಣ್ಣೀರಾಗ ನಿಂದರ್ತಾರ. ಮನಿಗೆ ಹೋಗುವಾಗ ಕೈಕಾಲಿಗಷ್ಟು ಬಿಸಿನೀರು ಸಿಗ್ಲಿ."

ಮರುದಿನ ಸಂಜೆ ನಲ್ಲಿಯ ಮುಂದೆ ಸಾಲು ನಿಂತಿತು. ಮಾವ ಬಕೆಟಿನಲ್ಲಿ ತಣ್ಣೀರು ಬೆರೆಸಿ, ಹದ ನೋಡಿ ಕರೆದ, "ಅಕ್ಕಾ, ಮೊದಲ ನೀ ಬಾ."

ಬಂದವಳು ನಮ್ಮವ್ವ. ಕೈ ಅದ್ದಿ ಕಣ್ಣು ಮುಚ್ಚಿದಳು. ಆರು ವರ್ಷ ಅದೇ ಅಂಗಳದಲ್ಲಿ ಅವಳ ಪಕ್ಕದಿಂದಲೇ ಬುಟ್ಟಿ ಹೊತ್ತು ಓಡಾಡಿದ ನಾನು, ಸೀಳು ಬಿಟ್ಟ ಆ ಬೆರಳುಗಳನ್ನು ಅವತ್ತೇ ನೋಡಿದ್ದು.